ಡ್ರಮ್ಮಿನ ತಳದ ಗುಂಡು

ಕಂಪಲಾಪುರದ ನಮ್ಮ ಮನೆಯ ಎದುರಿಗೆ ಬರೀ ಹೊಲ. ಆಷಾಢದ ಗಾಳಿ ನೇರವಾಗಿ ನಮ್ಮ ಗೇಟಿಗೇ ಬಡಿಯುತ್ತದೆ. ಪಂಚಾಯಿತಿಯ ಕಸದ ಗಾಡಿ ಬರುವಷ್ಟರಲ್ಲಿ ಪ್ಲಾಸ್ಟಿಕ್ ಡ್ರಮ್ ಮಗುಚಿ, ಈರುಳ್ಳಿ ಸಿಪ್ಪೆ, ಹಾಲಿನ ಕವರು ಎಲ್ಲ ಬೀದಿಪಾಲು. ಮಿಕ್ಕಿದ್ದನ್ನು ನಾಯಿಗಳು ನೋಡಿಕೊಳ್ಳುತ್ತಿದ್ದವು. ಗುಡಿಸಿ ಗುಡಿಸಿ ನನಗೆ ಸಾಕಾಗಿ ಹೋಗಿತ್ತು.

ಹಿತ್ತಿಲಲ್ಲಿ ಹಳೆಯ ಒರಳುಕಲ್ಲಿತ್ತು. ಗ್ರೈಂಡರ್ ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. ಅದರ ಗುಂಡನ್ನು ತಂದು ಡ್ರಮ್ಮಿನ ತಳಕ್ಕಿಟ್ಟೆ. ಕಸಕ್ಕೆಂದು ಮೇಲೆ ಗೊಬ್ಬರದ ಖಾಲಿ ಚೀಲ ಇಳಿಬಿಟ್ಟೆ. ಅವತ್ತು ಡ್ರಮ್ ಜಪ್ಪಯ್ಯ ಅಂದರೂ ಕದಲಲಿಲ್ಲ. ನನ್ನ ಬುದ್ಧಿಗೆ ನಾನೇ ಬೀಗಿದೆ.

ಮಾರನೆಯ ಬೆಳಿಗ್ಗೆ ಡ್ರಮ್ ಮತ್ತೆ ಅಡ್ಡಬಿದ್ದಿತ್ತು, ಗುಂಡು ಮಾಯ. ಹುಡುಕಿದರೆ ಹಿತ್ತಿಲ ಒರಳಿನಲ್ಲೇ ಕೂತಿದೆ, ಮೈಯೆಲ್ಲ ಒದ್ದೆ. ಮತ್ತೆ ತಂದಿಟ್ಟೆ. ಮರುದಿನವೂ ಅಲ್ಲೇ, ಮತ್ತೆ ಒದ್ದೆ. ಅಷ್ಟು ಭಾರದ ಕಲ್ಲು ತಾನಾಗಿ ನಡೆದುಹೋಗಿ ಸ್ನಾನ ಮಾಡುತ್ತದೆಯೇ?

ಮೂರನೆಯ ಸಲವೂ ಗುಂಡನ್ನು ಡ್ರಮ್ಮಿಗಿಟ್ಟು, ಮರುದಿನ ಬೇಗ ಎದ್ದು ಕಾದೆ. ಮಂಡಿನೋವೆಂದು ಬಿಂದಿಗೆಯನ್ನೂ ಎತ್ತದ ನನ್ನ ಅತ್ತೆ, ಗುಂಡನ್ನು ಎದೆಗವಚಿಕೊಂಡು ನಲ್ಲಿಯತ್ತ ಹೋಗುತ್ತಿದ್ದರು. ನನಗೆ ರೇಗಿಹೋಯಿತು.

"ಏನತ್ತೆ ಇದು? ದಿನಾ ಬೀದಿ ಗುಡ್ಸಿ ಸಾಯೋಳು ನಾನಲ್ವಾ?"

ಅವರು ಕಲ್ಲನ್ನು ನಲ್ಲಿಯ ಕೆಳಗೆ ಮೆಲ್ಲಗೆ ಇಳಿಸಿದರು. "ಕಸದೊಳ್ಗೆ ಬ್ಯಾಡ ಕಣವ್ವ. ತೊಟ್ಲಲ್ಲಿ ಮಲಗಿದ್ ಗುಂಡು ಇದು."

ನಮ್ಮ ಕಡೆ ನಾಮಕರಣದ ದಿನ ಮೊದಲು ಗುಂಡಿಗೆ ಅರಿಶಿನ ಕುಂಕುಮವಿಟ್ಟು, ಕುಲಾವಿ ತೊಡಿಸಿ, ತೊಟ್ಟಿಲಿಗೆ ಹಾಕಿ ತೂಗುತ್ತಾರೆ. ಮಗು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು. ಆಮೇಲೆ ಮಗುವನ್ನು ಮಲಗಿಸುತ್ತಾರೆ. ನನ್ನ ಗಂಡನಿಗಿಂತ ಮೊದಲು ಅತ್ತೆಗೆ ಒಂದು ಹೆಣ್ಣುಮಗು ಹುಟ್ಟಿತ್ತಂತೆ. ಹೆಸರಿಟ್ಟ ಸ್ವಲ್ಪ ದಿನಕ್ಕೇ ಜ್ವರ ಬಂದು ತೀರಿಹೋಯಿತಂತೆ. ಈ ಮನೆಗೆ ಬಂದು ಇಷ್ಟು ವರ್ಷವಾದರೂ ನನಗೆ ಯಾರೂ ಹೇಳಿರಲಿಲ್ಲ.

"ಪೋಟೋ ಇಲ್ಲ, ಬಟ್ಟೆನೂವೆ ಮಣ್ ಮಾಡ್ಬುಟ್ರು. ಅದ್ರ ತೊಟ್ಲಲ್ಲಿದ್ದುದ್ರಲ್ಲಿ ಉಳ್ಕಂಡಿರೋದು ಇದೊಂದೇಯ" ಎಂದರು ಅತ್ತೆ, ಕಲ್ಲನ್ನು ಸೆರಗಿನಿಂದ ಒರೆಸುತ್ತ.

ಆಮೇಲೆ ಡ್ರಮ್ಮನ್ನು ಹಗ್ಗದಿಂದ ಗೇಟಿನ ಕಂಬಕ್ಕೆ ಕಟ್ಟಿದೆ. ಗುಂಡಿನ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ. ಆದರೆ ಹಿತ್ತಿಲಿಗೆ ಬಟ್ಟೆ ಒಣಹಾಕಲು ಹೋದರೆ ಒರಳಿನ ಕಡೆ ಬೆನ್ನು ಹಾಕಿ ನಿಲ್ಲುವುದು ನನ್ನಿಂದ ಆಗುತ್ತಿರಲಿಲ್ಲ.

ಕಳೆದ ವಾರ ಅತ್ತೆ ಮಿರ್ಲೆಯಲ್ಲಿರುವ ನನ್ನ ನಾದಿನಿಯ ಮನೆಗೆ ಹೋಗಿದ್ದಾಗ ಹಗ್ಗ ಕಿತ್ತುಹೋಯಿತು. ಕೈಗೆ ಬೇರೆ ಕಲ್ಲು ಸಿಗಲಿಲ್ಲ. ಒಂದು ದಿನಕ್ಕೆ ಏನಾದೀತು ಎಂದು ಗುಂಡನ್ನು ಎತ್ತಿಕೊಂಡು ಗೇಟಿನವರೆಗೂ ಹೋದೆ. ಡ್ರಮ್ಮಿಗೆ ಇಳಿಸಲು ನೋಡಿದೆ, ಆಗಲಿಲ್ಲ. ನನ್ನ ಒಂದು ಕೈ ಅದರ ಬುಡಕ್ಕೆ, ಇನ್ನೊಂದು ಕೈ ತಾನಾಗಿ ಅದರ ಕತ್ತಿನ ಹತ್ತಿರ ಹೋಗಿತ್ತು. ಕಲ್ಲಿಗೆ ಕತ್ತೆಲ್ಲಿಯದು? ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಷ್ಟರಲ್ಲಿ ಡ್ರಮ್ ಗಾಳಿಗೆ ಬೀದಿಯುದ್ದಕ್ಕೂ ಉರುಳಿಕೊಂಡು ಹೋಗುತ್ತಿತ್ತು. ಶೀತಗಾಳಿ ಸೋಕದಿರಲೆಂದು ಕಲ್ಲಿಗೆ ಸೆರಗು ಹೊದಿಸಿ ಒಳಗೆ ಬಂದೆ.