ಹುಕ್ರಪ್ಪನವರು ತಿರುಗಿಸಿದ ಕಣ್ಣು

ಬೆಳಗಿನ ಆರೂವರೆ. ಕೋಳಿಗಳೇ ಇನ್ನೂ ಆಕಳಿಸುತ್ತಿರುವಾಗ ಸಿದ್ಧಕಟ್ಟೆಯಲ್ಲಿ ಹುಕ್ರಪ್ಪನವರ ಸ್ಟುಡಿಯೋದ ಶಟರ್ ಮೇಲೇಳುತ್ತದೆ. ಒಳಗೆ ಗೋಡೆ ತುಂಬ ಮಕ್ಕಳ ಫೋಟೊ. ನೀವು ಲೈಟ್ ಹಾಕುವ ಮೊದಲೇ ನಾಲ್ಕು ಸಾವಿರ ಕಣ್ಣುಗಳು ನಿಮ್ಮನ್ನು ನೋಡಿ ಮುಗಿಸಿರುತ್ತವೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಯಾವ ಕೂಸೂ ಇವರಿಗೆ ಮುಖ ತೋರಿಸದೆ ಗಲ್ಫಿನ ವಿಮಾನ ಹತ್ತಿದ್ದಿಲ್ಲ. ಹತ್ತಿದ್ದರೆ ಆ ವಿಮಾನ ಹಾರಿರಲಿಕ್ಕಿಲ್ಲ.

ಇಂದಿನ ಮೊದಲ ಗಿರಾಕಿ ವೇಣೂರಿನ ಜಸ್ನಾ. ಮಡಿಲಲ್ಲಿ ಇಪ್ಪತ್ತು ತಿಂಗಳ ಮಗಳು ಆಫ್ರಾ. ಗಂಡ ದಮ್ಮಾಮಿನಲ್ಲಿದ್ದಾನೆ, ವೀಸಾಕ್ಕೆ ಮಗುವಿನ ಫೋಟೊ ಬೇಕು. ಅರುವತ್ತೊಂದರ ಹುಕ್ರಪ್ಪ ಗಿಲಕಿ ಆಡಿಸುತ್ತಾರೆ, ಬೆಕ್ಕಾಗುತ್ತಾರೆ, ಕಾಗೆಯಾಗುತ್ತಾರೆ. ಹೊರಗಿನ ತಂತಿಯಿಂದ ನಿಜವಾದ ಕಾಗೆಯೇ ಉತ್ತರ ಕೊಡುತ್ತದೆ. ಆಫ್ರಾ ಮಾತ್ರ ತಿರುಗುವುದಿಲ್ಲ. ಮೂಲೆಯಲ್ಲಿ ನಿಂತುಹೋದ ಫ್ಯಾನನ್ನೇ ನೋಡುತ್ತಿದ್ದಾಳೆ, ಅಲ್ಲಿ ಯಾರೋ ಕೂತು ಮಾತನಾಡಿಸುತ್ತಿರುವ ಹಾಗೆ.

ಹುಕ್ರಪ್ಪ ಮೇಜಿನ ಕೆಳಗೆ ಬಿಸ್ಕತ್ತಿನ ಪೊಟ್ಟಣವನ್ನು ಮೆಲ್ಲಗೆ ಪರಪರ ಎನ್ನಿಸುತ್ತಾರೆ. ತಟ್ಟನೆ ಆಫ್ರಾಳ ತಲೆ ಅತ್ತ ತಿರುಗುತ್ತದೆ.

"ಕಿವಿ ಕೇಳ್ತದೆ. ಮನೆಯಲ್ಲಿ ಹೆಸರು ಕರೆದ್ರೆ ನೋಡ್ತಾಳಾ? ಬೇಕಾದ್ದನ್ನು ಬೆರಳಲ್ಲಿ ತೋರಿಸ್ತಾಳಾ?"

"ಇಲ್ಲ. ಮೊದಲು ನನ್ನನ್ನು ಉಮ್ಮ ಅಂತಿದ್ದಳು, ಈಗ ಅದೂ ಇಲ್ಲ. ಯಾರದ್ದೋ ದೃಷ್ಟಿ ಅಂತಾರೆ ಅತ್ತೆ. ನೀವು ಕಂಪ್ಯೂಟರಿನಲ್ಲಿ ಫೋಟೊದ ಕಣ್ಣು ತಿರುಗಿಸಿ ಕೊಡ್ತೀರಂತಲ್ಲ, ಹುಕ್ರಪ್ಪಣ್ಣ?"

"ಕೊಡ್ತಿದ್ದೆ."

ಆ ಕೈಚಳಕ ಹೆತ್ತವರಿಗೂ ಗುರುತು ಸಿಗುವಂಥದ್ದಲ್ಲ. ಎಂಟು ವರ್ಷದ ಹಿಂದೆ ಮಾಣಿಯ ಜುಲೈಕಾರ ಎರಡು ವರ್ಷದ ಮಗ ಸಾಬಿತ್ ಕೂಡ ಹೀಗೇ ಫ್ಯಾನು ನೋಡಿದ್ದ. ಬೇರೊಂದು ಮಗುವಿನ ಫೋಟೊದಿಂದ ಕಣ್ಣು ಕತ್ತರಿಸಿ ಹುಕ್ರಪ್ಪ ಅವನ ಮುಖಕ್ಕೆ ಕೂರಿಸಿದರು. ನಾಲ್ಕು ವರ್ಷದ ಬಳಿಕ ಜುಲೈಕಾ ಅದೇ ಫೋಟೊವನ್ನು ದೊಡ್ಡದು ಮಾಡಿಸಲು ಬಂದರು. ಮಗನಿಗೆ ಆಟಿಸಂ ಎಂದು ವೈದ್ಯರು ಆಗಷ್ಟೇ ಹೇಳಿದ್ದರು, ಮೊದಲೇ ಬಂದಿದ್ದರೆ ಒಳ್ಳೆಯದಿತ್ತು ಎಂದೂ.

"‘ಇದರಲ್ಲಿ ಮಾತ್ರ ಅವ ನನ್ನನ್ನು ನೋಡ್ತಾನೆ’ ಅಂದರು ಮಾರಾಯ್ರೆ. ಆ ಕಣ್ಣು ಅವನದ್ದಲ್ಲ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರ್ಲಿಲ್ಲ. ಅವರ ಗೋಡೆಯಿಂದ ಇವತ್ತಿಗೂ ಬೇರೆ ಯಾರದ್ದೋ ಮಗು ನೋಡ್ತಾ ಉಂಟು," ಎಂದು ಪತ್ರಿಕೆಗೆ ಬರೆಯಲು ಬಂದ ನಮಗೆ ಹುಕ್ರಪ್ಪ ಹೇಳುತ್ತಾರೆ.

ಅಂದಿನಿಂದ ಹುಕ್ರಪ್ಪ ಒಂದು ಕಣ್ಣನ್ನೂ ತಿರುಗಿಸಿಲ್ಲ. ನಲವತ್ತೊಂದು ಮಕ್ಕಳನ್ನು ಆಸ್ಪತ್ರೆಗೆ ಕಳಿಸಿದ್ದಾರೆ. ಹದಿನೇಳು ಮಕ್ಕಳಿಗೆ ಏನೂ ಇರಲಿಲ್ಲ. ಅವರಲ್ಲೊಬ್ಬನ ಅಜ್ಜ ಮೂರು ತಾಲೂಕಿಗೆ ಕೇಳುವಂತೆ ಬೈದು ಹೋದರು.

"ನಾನು ಡಾಕ್ಟರಲ್ಲ," ಎಂದು ಜಸ್ನಾಗೆ ಹೇಳುತ್ತಾರೆ. "ಮಗು ಎಲ್ಲಿ ನೋಡ್ತದೆ ಅಂತ ಮಾತ್ರ ನನಗೆ ಗೊತ್ತು. ತಪ್ಪಾದ್ರೆ ಬಂದು ಬೈಯಿರಿ. ಇವತ್ತೇ ತೋರಿಸಿ."

ಜಸ್ನಾ ಗೋಡೆಯ ಕಣ್ಣುಗಳನ್ನು ಬಹಳ ಹೊತ್ತು ನೋಡುತ್ತಾಳೆ. ಬಳಿಕ ಫೋಟೊ ಇಲ್ಲದೆಯೇ ಮಂಗಳೂರಿನ ಬಸ್ಸು ಹತ್ತುತ್ತಾಳೆ.

ಶಟರಿನ ಬಳಿ ಹುಕ್ರಪ್ಪ ನಮ್ಮೆದುರು ದನಿ ತಗ್ಗಿಸುತ್ತಾರೆ. "ಇದನ್ನೆಲ್ಲ ಬರೆಯಿರಿ. ಜುಲೈಕಾ ಪೇಪರ್ ಓದ್ತಾರೆ. ಓದಿದ ಮೇಲೂ ಒಪ್ಪಿದ್ರೆ ಸಾಬಿತನ ಒಂದು ಫೋಟೊ ಹೊಸದಾಗಿ ತೆಗೀಬೇಕು. ಇತ್ತ ನೋಡು ಅಂತ ಅವನನ್ನು ಕರೆಯುವುದಿಲ್ಲ. ಅವ ಎಲ್ಲಿ ನೋಡ್ತಾನೋ, ಕ್ಯಾಮೆರಾ ಹಿಡ್ಕೊಂಡು ನಾನೇ ಅಲ್ಲಿಗೆ ಹೋಗ್ತೇನೆ."