ಬಂಗಡೆಯ ಸಾಲಿನಲ್ಲಿ ಸೋಲಾರ್ ಪ್ಲೇಟು

ನನ್ನ ಗಂಡನಿಗೆ ಕಿವಿ ಕೇಳದೆ ಎಂಟು ವರ್ಷವಾಗಿತ್ತು. ಮೂವತ್ತು ವರ್ಷ ಬಸ್ಸಿನ ಇಂಜಿನ್ ಪಕ್ಕದಲ್ಲೇ ಕೂತವರು; ಕಿವಿ ತಾನೇ ಎಷ್ಟು ತಡೆದೀತು? ಮಿಷನ್ ಹಾಕಿಸಿಕೊಳ್ಳಿ ಎಂದು ಗೋಗರೆದೆ, ಜಗಳವಾಡಿದೆ, ಕಡೆಗೆ ಸಿಟ್ಟು ಬಂದು ಮಾತು ಬಿಟ್ಟೆ. ನಾನು ಮಾತು ಬಿಟ್ಟದ್ದು ಅವರಿಗೆ ಗೊತ್ತೇ ಆಗಲಿಲ್ಲ. ಕಳೆದ ವರ್ಷ ತಾವಾಗಿಯೇ ಹೋಗಿ ಹಾಕಿಸಿಕೊಂಡು ಬಂದರು. ಇದೇನು ಹೊಸ ಬುದ್ಧಿ ಎಂದರೆ, "ಅಕ್ಕನ ಹತ್ರ ಮಾತಾಡ್ಬೇಕು" ಎಂದರು.

ಅಕ್ಕ ಬೇಲೆಕೇರಿಯಲ್ಲಿ ಮೀನು ಒಣಗಿಸಿ ಮಾರುವವರು. ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು. ಆ ಅಕ್ಕನಿಗೆ ತನ್ನ ಮೇಲೆ ಸಿಟ್ಟು ಎಂಬುದು ಇವರ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಯಾವಾಗ ಹೋದರೂ ಅಕ್ಕ ಹುಬ್ಬು ಗಂಟಿಕ್ಕಿ, ಕುತ್ತಿಗೆಯ ನರ ಉಬ್ಬಿಸಿ ಏನೋ ಕೂಗುತ್ತಿದ್ದರು. "ದೋಣಿ ಬಿಟ್ಟು ಬಸ್ಸಿಗೆ ಹೋದೆ ಅಂತ ಸಿಟ್ಟು ಅಕ್ಕಂಗೆ. ಇನ್ನೂ ಇಳೀಲಿಲ್ಲ." ಸಿಟ್ಟಲ್ಲ ಮಾರಾಯರೆ, ನಿಮಗೆ ಕೇಳಲಿ ಅಂತ ಕೂಗುವುದು ಎಂದು ನಾನು ಸನ್ನೆ ಮಾಡಿ, ಚೀಟಿಯಲ್ಲಿ ಬರೆದು ತೋರಿಸಿದರೂ ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತೇನೆ ಎಂದುಕೊಂಡರು. ಕಿವಿ ಕೇಳದವರಿಗೆ ಲೋಕವೆಲ್ಲ ಬಯ್ಯುತ್ತಿರುವಂತೆ ಕಾಣುತ್ತದೆಂದು ನನಗೆ ಆಗ ಹೊಳೆಯಿತು.

ನಮ್ಮದೊಂದು ಹಳೆಯ ವ್ಯಾನು. ಹಿಂದಿನ ಸೀಟು ಕಿತ್ತು ಹಾಸಿಗೆ ಹಾಕಿಸಿದ್ದೇವೆ. ಮಿಷನ್ ಹಾಕಿಸಿದ ವಾರದಲ್ಲೇ ಕಾರವಾರದಿಂದ ಹೊರಟು ಮಂಜಗುಣಿಯಲ್ಲಿ ಎರಡು ದಿನ ಇದ್ದು, ವಾಪಸು ಬರುವಾಗ ಬೇಲೆಕೇರಿಯಲ್ಲಿ ಇಳಿಯುವುದೆಂದು ಮಾತಾಗಿತ್ತು. ಕಿವಿಯ ಮಿಷನ್ನಿಗೆ ದಿನಾ ಚಾರ್ಜ್ ಬೇಕು. ಅದಕ್ಕೆಂದೇ ಮಡಚುವ ಸೋಲಾರ್ ಪ್ಲೇಟು, ಪವರ್ ಬ್ಯಾಂಕು ತಂದಿದ್ದೆ. ಆದರೆ ಮಂಜಗುಣಿಯಲ್ಲಿ ಎರಡೂ ದಿನ ಮೋಡ. ಬೇಲೆಕೇರಿಗೆ ಬಂದರೆ ತಂತಿಯ ಮೇಲೆ ತೆಂಗಿನಮರ ಬಿದ್ದು ಊರಿಗೇ ಕರೆಂಟಿಲ್ಲ. ವ್ಯಾನಿನ ಚಾರ್ಜಿಂಗ್ ಸಾಕೆಟ್ ಕೆಟ್ಟು ವರ್ಷವಾಗಿತ್ತು. ಮಿಷನ್ ಸತ್ತು ಕೂತಿತ್ತು. ಬಿಸಿಲು ಮಾತ್ರ ಚೆನ್ನಾಗಿತ್ತು.

ಅಕ್ಕನ ಅಂಗಳದಲ್ಲಿ ಬಂಗಡೆ ಮೀನು ಹರವಿದ್ದ ಜಾಗಕ್ಕಿಂತ ಒಳ್ಳೆಯ ಬಿಸಿಲು ಬೇರೆಲ್ಲಿ? ಸಾಲಿನ ಕೊನೆಯಲ್ಲಿ ಪ್ಲೇಟು ಬಿಡಿಸಿಟ್ಟು, "ಸ್ವಲ್ಪ ನೋಡ್ಕೊಳ್ಳಿ ಅಕ್ಕಾ" ಎಂದು ಹೇಳಿ ವ್ಯಾನಿನಲ್ಲಿ ಅಡ್ಡಾದೆ. ನಾಲ್ಕು ಗಂಟೆಗೆ ಎದ್ದು ನೋಡುತ್ತೇನೆ, ಪ್ಲೇಟು ಮುಖ ಅಡಿಯಾಗಿ ಮಲಗಿದೆ. ಪವರ್ ಬ್ಯಾಂಕಿನಲ್ಲಿ ಒಂದು ಗೆರೆಯೂ ಇಲ್ಲ.

"ಇದನ್ನ ಯಾರು ಕವಚಿ ಹಾಕಿದ್ದು?"

"ನಾನೇಯ" ಎಂದರು ಅಕ್ಕ. ನಾನು ಶಾಲೆಯಲ್ಲಿ ಕಲಿಸುತ್ತಿದ್ದವಳಾದ್ದರಿಂದ ಅವರಿಗೆ ತಮ್ಮನ ಹೆಂಡತಿಯಲ್ಲ, ಅಕ್ಕೋರು. "ಒಂದೇ ಮಗ್ಲು ಎಷ್ಟೊತ್ತು ಒಣಗ್ಸೂದು ಅಕ್ಕೋರೆ? ನೀವು ಮಲ್ಗಿದ್ರಿ. ಬಂಗಡೆ ಮಗುಚುವಾಗ ಅದನ್ನೂ ಮಗುಚ್ದೆ."

ಮೈಯೆಲ್ಲ ಉರಿಯಿತು. ನಲವತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ಸಂಭಾಳಿಸಿದವಳ ಬಾಯಿ, ಸುಮ್ಮನಿರುವುದೇ? ಹೇಳಬೇಕಾದ್ದೆಲ್ಲ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಕ್ಕ ಪ್ಲೇಟನ್ನೆತ್ತಿ, ಅಂಟಿದ್ದ ಮರಳನ್ನು ಸೆರಗಿನಿಂದ ಮೆಲ್ಲಗೆ ಒರೆಸತೊಡಗಿದರು. ಬಯ್ಯುವುದಕ್ಕೆ ಆಗಲಿಲ್ಲ.

ಸಂಜೆ ವ್ಯಾನಿನ ಬಾಗಿಲಲ್ಲಿ ಸಣ್ಣ ಸೋಲಾರ್ ದೀಪ ತೂಗುಹಾಕಿದೆ. ಅದರಿಂದ ಬೆಳಕು ಬಿಟ್ಟು ಬೇರೇನೂ ಸಿಗುವಂತಿರಲಿಲ್ಲ. ಅಕ್ಕ ಬಂದು ಎಂದಿನಂತೆ ಕೂಗಿದರು. ಇವರು ತಪ್ಪು ಜಾಗದಲ್ಲೆಲ್ಲ ತಲೆಯಾಡಿಸಿ ನಕ್ಕರು. ಅಕ್ಕ ಹೋದ ಮೇಲೆ, "ನೋಡು, ಇವತ್ತೂ ಸಿಟ್ಟೇ" ಎಂದು ದೀಪದ ಕಡೆ ಮುಖ ತಿರುಗಿಸಿಕೊಂಡರು. ನನಗೆ ಅಳು ಬಂತು.

ಮರುದಿನ ಬೆಳಿಗ್ಗೆಯಿಂದ ಕಾಗೆ ಓಡಿಸುವ ಕೋಲು ಹಿಡಿದು ನಾನೇ ಪ್ಲೇಟಿನ ಕಾವಲಿಗೆ ಕೂತೆ. ಅಕ್ಕ ಬಂಗಡೆ ಮಗುಚುತ್ತ ಬಂದವರು ಪ್ಲೇಟಿನ ಹತ್ತಿರ ಕೈ ಹಿಂದಕ್ಕೆ ಕಟ್ಟಿಕೊಂಡು ದಾಟಿ ಹೋದರು. ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಮಿಷನ್ನಿನ ಡಬ್ಬಿಯಲ್ಲಿ ಹಸಿರು ದೀಪ ಹತ್ತಿತು. ಇವರು ಎರಡೂ ಕಿವಿಗೆ ಸಿಕ್ಕಿಸಿಕೊಂಡು ಅಕ್ಕನನ್ನು ಕರೆದರು.

ಅಕ್ಕ ಅಂಗಳದಿಂದಲೇ ಗಂಟಲು ಹರಿಯುವಂತೆ ಕೂಗುತ್ತ ಬಂದರು. ಇವರು ಬೆಚ್ಚಿ ಎರಡೂ ಕಿವಿ ಮುಚ್ಚಿಕೊಂಡರು.

"ಸಣ್ಣಕೆ ಮಾತಾಡೆ ಅಕ್ಕಾ. ಈಗ ಕೇಳ್ತದೆ."

ಅಕ್ಕ ನಿಂತಲ್ಲೇ ನಿಂತರು. ತಮ್ಮನೊಡನೆ ಮೆಲ್ಲಗೆ ಮಾತಾಡುವುದು ಅವರಿಗೆ ಮರೆತೇ ಹೋಗಿತ್ತು. ಬಾಯಿ ತೆರೆದರು, ಮುಚ್ಚಿದರು, ನನ್ನ ಮುಖ ನೋಡಿದರು. ಆಮೇಲೆ ಬಂದು ಇವರ ಪಕ್ಕ ಕೂತು, ತೀರ ಮೆಲ್ಲಗೆ, ನಾಚಿಕೊಂಡವರ ಹಾಗೆ ಕೇಳಿದರು:

"ಉಂಡ್ಯಾ ತಮ್ಮಾ?"

ಇವರು ಅಕ್ಕನ ಮುಖವನ್ನೇ ನೋಡಿದರು. "ಇಷ್ಟ್ ವರ್ಷ ಕೂಗ್ತಿದ್ದದ್ದು ಎಂತದು?"

"ಅದೇಯ. ನಿನ್ನ ಹತ್ರ ಮತ್ತೆಂತ ಕೇಳೂದು?"

ಅರ್ಧ ಗಂಟೆಯ ಹಿಂದಷ್ಟೇ ನಾನು ಇವರಿಗೆ ಹೊಟ್ಟೆ ತುಂಬ ಬಡಿಸಿದ್ದೆ. ಇವರು ಕಣ್ಣೊರೆಸಿಕೊಂಡು, "ಇಲ್ಲ ಅಕ್ಕಾ, ಹಸಿವಾಗ್ತದೆ" ಎಂದರು. ನಾನು ಎದ್ದು, ತೊಳೆದಿಟ್ಟ ತಟ್ಟೆಯನ್ನು ಮತ್ತೆ ತಂದು ಇವರ ಮುಂದಿಟ್ಟೆ.