ಹದಿನೈದು ದಿನದ ಗಡ್ಡ

ಸಿಯೋಲ್ ಒಲಿಂಪಿಕ್ಸ್‌ನಿಂದ ನಮ್ಮವರು ಬರಿಗೈಯಲ್ಲಿ ವಾಪಸು ಬಂದ ಕೆಲವೇ ದಿನಕ್ಕೆ ದುರುಗಣ್ಣ ತೀರಿಕೊಂಡ. ಎರಡಕ್ಕೂ ಸಂಬಂಧವಿಲ್ಲ. ಅವನನ್ನು ಒಯ್ದದ್ದು ಕಾಮಾಲೆ. ಒಲಿಂಪಿಕ್ಸ್ ಸೋಲಿಗೆ ಪ್ರಾಣ ಬಿಡುವ ಆಸಾಮಿಯಾಗಿದ್ದರೆ ಎಪ್ಪತ್ತಾರರಲ್ಲೇ ಹೋಗಿರುತ್ತಿದ್ದ, ನಮಗೂ ಹನ್ನೆರಡು ವರ್ಷ ಅವನ ಕೈಯಲ್ಲಿ ಗದ್ದ ಕೆತ್ತಿಸಿಕೊಳ್ಳುವುದು ತಪ್ಪುತ್ತಿತ್ತು. ಕ್ಷೌರಿಕ ಅಂತ ನೋಡಿದರೆ ಅವನು ಅಂಥಾ ನಾಜೂಕಿನವನೇನಲ್ಲ. ರೇಡಿಯೋದಲ್ಲಿ ಹಾಕಿ ಸುದ್ದಿ ಬಂತೆಂದರೆ ಕತ್ತಿ ಎಲ್ಲಿದೆ, ಕಿವಿ ಎಲ್ಲಿದೆ ಅನ್ನುವುದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಜಗಳೂರಿನಲ್ಲಿ ನಲವತ್ತು ದಾಟಿದ ಗಂಡಸರ ಮುಖ ಪರೀಕ್ಷೆ ಮಾಡಿದರೆ ಭಾರತದ ಹಾಕಿ ಚರಿತ್ರೆಯನ್ನು ಗಾಯದ ಗುರುತಿನಲ್ಲೇ ಓದಬಹುದು.

ಜಗಳೂರಿನಲ್ಲಿ ಆಗ ಹಾಕಿ ಕೋಲು ಕಣ್ಣಾರೆ ಕಂಡವರೇ ಇರಲಿಲ್ಲ. ದುರುಗಣ್ಣ ಕಂಡಿದ್ದ. ಹುಡುಗನಾಗಿದ್ದಾಗ ಬೆಂಗಳೂರಿಗೆ ಹೋಗಿ, ಯಾವುದೋ ಮಿಲಿಟರಿ ಕ್ಯಾಂಪಿನಲ್ಲಿ ಎರಡು ವರ್ಷ ಸಿಪಾಯಿಗಳ ತಲೆ ಬೋಳಿಸಿ ಬಂದಿದ್ದ. ಅಲ್ಲಿ ಸಂಜೆ ಹೊತ್ತು ಹಾಕಿ ಆಡುತ್ತಿದ್ದರಂತೆ. ಊರಿಗೆ ಬಂದು ಬಸ್ ಸ್ಟ್ಯಾಂಡ್ ಎದುರಿಗೆ ಸಲೂನ್ ಹಾಕಿ, ಒಂದು ರೇಡಿಯೋ ಇಟ್ಟು, ಕೂತವರಿಗೆಲ್ಲ ಹಾಕಿ ಪುರಾಣ ಶುರು ಮಾಡಿದ. ನಾನು ಆಗಷ್ಟೇ ಅಲ್ಲಿನ ಹೈಸ್ಕೂಲಿಗೆ ಮೇಷ್ಟ್ರಾಗಿ ಬಂದಿದ್ದೆ. ಇಂಗ್ಲಿಷ್ ಕಾಮೆಂಟರಿಯನ್ನು ಕನ್ನಡದಲ್ಲಿ ಹೇಳುತ್ತಾನೆ ಎಂಬ ಒಂದೇ ಯೋಗ್ಯತೆಯ ಮೇಲೆ ನನ್ನನ್ನು ಸ್ನೇಹಿತನನ್ನಾಗಿ ಮಾಡಿಕೊಂಡ.

"ಇಪ್ಪತ್ತೆಂಟು, ಮೂವತ್ತೆರಡು, ಮೂವತ್ತಾರು. ಆಮ್ಯಾಗೆ ಯುದ್ಧ ಬಂತು, ಇಲ್ಲಾಂದ್ರೆ ಅದೂ ನಮ್ಮದೇ. ನಲವತ್ತೆಂಟು, ಐವತ್ತೆರಡು, ಐವತ್ತಾರು," ಎಂದು ಮನೆತನದ ಹಿರಿಯರ ಹೆಸರು ಹೇಳಿದಂತೆ ಚಿನ್ನದ ವರ್ಷಗಳನ್ನು ಹೇಳುತ್ತಿದ್ದ. ಅರವತ್ತರಲ್ಲಿ ಪಾಕಿಸ್ತಾನಕ್ಕೆ ಸೋತದ್ದನ್ನು ಮನೆಯಲ್ಲಿ ಯಾರೋ ಓಡಿಹೋದ ವಿಷಯದ ಹಾಗೆ ಬೇಗ ದಾಟಿಸಿ ಅರವತ್ತನಾಲ್ಕಕ್ಕೆ ಬರುತ್ತಿದ್ದ. ಅರವತ್ತೆಂಟು, ಎಪ್ಪತ್ತೆರಡರಲ್ಲಿ ಬಂದದ್ದು ಕಂಚು. "ಕಂಚು ಅಂದ್ರೆ ಏನ್ರಿ ಮೇಷ್ಟ್ರೇ, ಚೊಂಬು ಮಾಡಾಕೆ ಆಗ್ತದೆ," ಅನ್ನುತ್ತಿದ್ದ. ಸ್ವಾತಂತ್ರ್ಯ ಬಂದ ಮೇಲೆ ಹಾಕಿ ಬಿಟ್ಟು ಬೇರೆ ಆಟದಲ್ಲಿ ಈ ದೇಶಕ್ಕೆ ಬಂದದ್ದು ಐವತ್ತೆರಡರಲ್ಲಿ ಒಬ್ಬ ಪೈಲ್ವಾನ ತಂದ ಒಂದು ಕಂಚು ಎಂದು ನಾನು ಹೇಳಿದರೆ, "ಒಂದು ಎತ್ತು ಇದ್ರೆ ಸಾಕು, ಗಾಡಿ ಹೊಡೀಬಹುದು," ಎಂದು ಬಾಯಿ ಮುಚ್ಚಿಸುತ್ತಿದ್ದ. ಒಂಟೆತ್ತಿನ ಗಾಡಿ ಎಷ್ಟು ದೂರ ಹೋಗುತ್ತದೆ ಎಂಬುದು ಬೇಗನೆ ತಿಳಿಯಿತು.

ಎಪ್ಪತ್ತೈದರಲ್ಲಿ ನಮ್ಮವರು ಹಾಕಿ ವಿಶ್ವಕಪ್ ಗೆದ್ದರು. ಆವತ್ತು ಸಲೂನಿನಲ್ಲಿ ಬಂದವರಿಗೆಲ್ಲ ಪುಗಸಟ್ಟೆ ಕಟಿಂಗ್. ಮಾರನೇ ವರ್ಷ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ಸ್. ಅದೇ ಹೊತ್ತಿಗೆ ಸೊಕ್ಕೆ ಹಳ್ಳಿಯ ಅವನ ಸೋದರಮಾವ ಗಾದ್ರಪ್ಪ ತನ್ನ ಮಗಳು ಬೊಮ್ಮಕ್ಕನನ್ನು ಇವನಿಗೇ ಕೊಡುವುದೆಂದು ಮಾತಾಯಿತು. ಆಷಾಢ ಮಾಸ, ಮದುವೆ ಮಾಡುವಂತಿಲ್ಲ. ಶ್ರಾವಣ ಹುಟ್ಟಿದ ಕೂಡಲೇ ಅಕ್ಕಿಕಾಳು ಅಂತ ತೀರ್ಮಾನ.

ಆ ಆಷಾಢದ ಒಂದು ಶುಕ್ರವಾರ ದುರುಗಣ್ಣ ನನ್ನನ್ನು ಎಳೆದುಕೊಂಡು ಕೆರೆ ಏರಿಯ ಚೌಡಮ್ಮನ ಗುಡಿಗೆ ಹೋದ. ಪೂಜಾರಿ ಚಿತ್ತಪ್ಪನ ಎದುರಿಗೇ ಕೈಮುಗಿದು ಹರಕೆ ಹೊತ್ತ. "ತಾಯಿ, ಒಲಿಂಪಿಕ್ಸಿನಾಗೆ ನಮ್ಮ ಹಾಕಿಯೋರಿಗೆ ಚಿನ್ನ ಕೊಡಿಸು. ಕೊಡಿಸೋತನಕ ನನ್ನ ಮುಖಕ್ಕೆ ಕತ್ತಿ ಹಚ್ಚಲ್ಲ. ಚಿನ್ನ ಬಂದ ಮ್ಯಾಲೆ ನಿನ್ನ ಬಾಗಿಲಾಗೇ ಗಡ್ಡ ತೆಗೀತೀನಿ."

ಚಿತ್ತಪ್ಪ ಅನುಭವಸ್ಥ. "ಗಡುವು ಹಾಕೋ ಮಾರಾಯ. ಈ ಸಲದ ಆಟ ಮುಗಿಯೋತನಕ ಅಂತ ಒಂದು ಮಾತು ಸೇರಿಸು."

"ಯಾಕೆ ಬೇಕು? ಇದು ಹದಿನೈದು ದಿನದ ಮಾತು."

ಈಗ ನೆನೆಸಿಕೊಂಡರೆ ಅವನ ಲೆಕ್ಕಾಚಾರ ಅರ್ಥವಾಗುತ್ತದೆ. ವಿಶ್ವಕಪ್ ಗೆದ್ದ ತಂಡ, ಗೆಲ್ಲುವುದು ಖಾತ್ರಿ. ಖಾತ್ರಿ ಇರುವ ಕೆಲಸಕ್ಕೆ ಹೊತ್ತ ಹರಕೆಗಿಂತ ಅಗ್ಗದ ಹರಕೆ ಯಾವುದಿದೆ? ಆಷಾಢದಲ್ಲಿ ಗಡ್ಡ ಬಿಟ್ಟಂತೆಯೂ ಆಯಿತು, ದೇವಿಗೆ ಹೇಳಿಕೊಂಡಂತೆಯೂ ಆಯಿತು, ಶ್ರಾವಣಕ್ಕೆ ನುಣ್ಣಗೆ ಬೋಳಿಸಿಕೊಂಡು ಹಸೆಮಣೆ ಏರಿದಂತೆಯೂ ಆಯಿತು.

ಮಾಂಟ್ರಿಯಲ್‌ನ ಸುದ್ದಿ ಬೆಳಗಿನ ವಾರ್ತೆಯಲ್ಲಿ ಕಂತು ಕಂತಾಗಿ ಬಂತು. ಹಾಲೆಂಡಿಗೆ ಸೋತರು. ಆಸ್ಟ್ರೇಲಿಯಾ ಆರು ಗೋಲು ಹೊಡೆಯಿತು, ನಾವು ಒಂದು. ಕೊನೆಗೆ ಏಳನೇ ಸ್ಥಾನ. ಅಲ್ಲಿ ಮೊದಲ ಸಲ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಹಾಕಿ ಆಡಿಸಿದರು ಎಂದು ಪೇಪರ್ ಓದಿ ಹೇಳಿದೆ. "ದನ ಮೂಸಿ ನೋಡದ ಹುಲ್ಲಿನ ಮ್ಯಾಲೆ ಆಡಿದ್ರೆ ಇನ್ನೇನಾಗ್ತದೆ," ಅಂದ ದುರುಗಣ್ಣ. ಆಮೇಲೆ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ. ಮುಂದಿನ ಒಲಿಂಪಿಕ್ಸಿಗೆ ನಾಲ್ಕು ವರ್ಷವಿತ್ತು.

ಸೊಕ್ಕೆಯಿಂದ ಬೊಮ್ಮಕ್ಕ ಹೇಳಿ ಕಳಿಸಿದಳು: ಸನ್ಯಾಸಿ ಪಕ್ಕ ನಾನು ಹಸೆಮಣೆ ಮೇಲೆ ಕೂರುವುದಿಲ್ಲ. ಗಾದ್ರಪ್ಪನಿಗೆ ಅಳಿಯ ಬೇಕು, ಆದರೆ ಹರಕೆ ಮುರಿದವನು ಬೇಡ. ಮದುವೆ ಮುಂದಕ್ಕೆ ಹೋಯಿತು.

ನಾಲ್ಕು ವರ್ಷದಲ್ಲಿ ದುರುಗಣ್ಣನ ಗಡ್ಡ ಎದೆಗೆ ಇಳಿಯಿತು. ಊರಿಗೆಲ್ಲ ಕ್ಷೌರ ಮಾಡುವವನ ಮುಖದಲ್ಲಿ ಕಾಡು. ಚನ್ನಗಿರಿ ಕಡೆಯ ಯಾರೋ ಬಸ್ಸಿಳಿದು ಸಲೂನಿನ ಒಳಗೆ ಬಂದು, ಇವನನ್ನು ಕಂಡು ಕಾಲಿಗೆ ಬಿದ್ದ. ದುರುಗಣ್ಣ ಅವನಿಗೆ ಆಶೀರ್ವಾದವನ್ನೂ ಮಾಡಿದ, ಕಟಿಂಗೂ ಮಾಡಿದ. ಎದುರಿನ ಬಟ್ಟೆ ಅಂಗಡಿಯ ಕಲ್ಲೇಶಪ್ಪ ದಿನಾ ಕೇಳುತ್ತಿದ್ದ, "ಏನಪಾ, ನಿನ್ನ ಅಂಗಡಿ ಮಾಲು ನೀನೇ ವಾಪರಿಸಲ್ಲ ಅಂದ್ರೆ ನಾವು ಹೆಂಗೆ ನಂಬೋದು?" ಯಾರಾದರೂ ಸುಮ್ಮನೆ ತೆಗೆದುಬಿಡು, ದೇವಿಗೆ ಹಾಕಿ ಗೊತ್ತಿರುತ್ತದೆಯೇ ಅಂದರೆ, "ದೇವಿಗೆ ಗೊತ್ತಿಲ್ದಿದ್ರೂ ನನಗೆ ಗೊತ್ತೈತಲ್ಲ," ಅನ್ನುತ್ತಿದ್ದ. ಆದರೆ ಮದುವೆಯ ಮಾತು ಬಂದಾಗ ಈ ಬಿಗುಮಾನ ಇರುತ್ತಿರಲಿಲ್ಲ. ಸೊಕ್ಕೆಯಿಂದ ಬಂದವರನ್ನೆಲ್ಲ ಕೂರಿಸಿಕೊಂಡು, ಬೊಮ್ಮಕ್ಕ ಹೊಲಕ್ಕೆ ಹೋಗ್ತಾಳಾ, ಏನಂತಾಳೆ, ಎಂದು ಕೇಳುತ್ತಿದ್ದ. ಅವರ ತಲೆ ಬೇಕಾದ್ದಕ್ಕಿಂತ ಹೆಚ್ಚೇ ಬೋಳಾಗುತ್ತಿತ್ತು.

ಎಂಬತ್ತನೇ ಇಸವಿಯ ಆಷಾಢ ಬಂತು. ಗಾದ್ರಪ್ಪ ಸಲೂನಿಗೆ ಬಂದು ಬೆಂಚಿನ ಮೇಲೆ ಕೂತು ನೇರವಾಗಿ ಹೇಳಿದ. "ಹೊನ್ನಾಳಿಯಿಂದ ಒಂದು ಸಂಬಂಧ ಬಂದೈತೆ. ಟೈಲರು. ದಿನಾ ಗಡ್ಡ ಕೆರಕೊಳ್ತಾನೆ. ಈ ಆಷಾಢ ಮುಗಿಯೋದರೊಳಗೆ ನಿಂದು ಇತ್ಯರ್ಥ ಆಗಬೇಕು. ಇಲ್ಲಾಂದ್ರೆ ಶ್ರಾವಣದಾಗೆ ಬೊಮ್ಮಕ್ಕನ್ನ ಅಲ್ಲಿಗೆ ಕೊಡ್ತೀನಿ. ನಾನೂ ಎಷ್ಟು ದಿನ ಊರೋರ ಬಾಯಿ ಮುಚ್ಚಿಸಲಿ?"

"ಮಾಸ್ಕೋದಾಗೆ ಆಟ ನಡೀತೈತೆ ಮಾವ," ಅಂದ ದುರುಗಣ್ಣ. ಅವನ ದನಿಯಲ್ಲಿ ಎಪ್ಪತ್ತಾರರ ಜಂಬ ಇರಲಿಲ್ಲ.

ಅದೇ ಆಷಾಢದಲ್ಲಿ ಭಾರತ ಚಿನ್ನ ಗೆದ್ದಿತು. ಫೈನಲ್‌ನಲ್ಲಿ ಸ್ಪೇನ್ ಮೇಲೆ ನಾಲ್ಕು–ಮೂರು. ಬೆಳಗಿನ ವಾರ್ತೆ ಬಂದಾಗ ಕಲ್ಲೇಶಪ್ಪ ಕುರ್ಚಿಯಲ್ಲಿದ್ದ, ಒಂದು ಕೆನ್ನೆ ಮುಗಿದು ಇನ್ನೊಂದು ಕೆನ್ನೆಯಲ್ಲಿ ನೊರೆ. ನಾನು ಎದ್ದು ದುರುಗಣ್ಣನ ಭುಜ ತಟ್ಟಿದೆ. ಅವನು ನಗಲಿಲ್ಲ. ಕತ್ತಿಯನ್ನು ತನ್ನ ಗಡ್ಡದ ಹತ್ತಿರ ತಂದು, ಹಾಗೇ ಕೆಳಗಿಟ್ಟ.

"ಯಾಕೋ?"

"ಪಾಕಿಸ್ತಾನ ಎಲ್ಲಿತ್ತು ಮೇಷ್ಟ್ರೇ?"

ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ರಷ್ಯಾದವರು ಆಫ್ಘಾನಿಸ್ತಾನಕ್ಕೆ ನುಗ್ಗಿದರೆಂದು ಅಮೆರಿಕದವರು ಮುನಿಸಿಕೊಂಡಿದ್ದರು. ಅವರ ಜತೆ ಇನ್ನೂ ಎಷ್ಟೋ ದೇಶ ಬರಲಿಲ್ಲ. ಹಾಕಿಯಲ್ಲಿ ಪಾಕಿಸ್ತಾನ, ಜರ್ಮನಿ, ಹಾಲೆಂಡ್, ಆಸ್ಟ್ರೇಲಿಯಾ, ಯಾವುದೂ ಇಲ್ಲ. ಬಂದಿದ್ದ ಟಾಂಜಾನಿಯಾದ ಮೇಲೆ ನಮ್ಮವರು ಹದಿನೆಂಟು ಗೋಲು ಹೊಡೆದಿದ್ದರು.

ಕಲ್ಲೇಶಪ್ಪ ನೊರೆಯ ಕೆನ್ನೆಯಲ್ಲೇ ತೀರ್ಪು ಕೊಟ್ಟ. "ನಮ್ಮ ಸಂತೇಬೆನ್ನೂರು ಸಂತೆಗೆ ಬೇರೆ ಬಟ್ಟೆಯೋರು ಯಾರೂ ಬರದೇ ಇದ್ದ ದಿನ ನಂದೇ ಭಾರಿ ಬಟ್ಟೆ ಅಂತ ಕೂಗಿದಂಗೆ ಇದು."

"ಕುಸ್ತಿಯಾಗೆ ಎದುರಾಳಿ ಬರದಿದ್ರೆ ಬಂದೋನಿಗೇ ಬಹುಮಾನ," ಅಂದೆ.

"ಬಹುಮಾನ ಕೊಡ್ತಾರೆ ಮೇಷ್ಟ್ರೇ. ಪೈಲ್ವಾನ ಅಂತ ಯಾರಾದ್ರೂ ಕರೀತಾರಾ?" ಅಂದ ಕಲ್ಲೇಶಪ್ಪ.

ದುರುಗಣ್ಣ ಕಲ್ಲೇಶಪ್ಪನ ಕಡೆ ನೋಡಿ ಹೌದೆಂದು ತಲೆಯಾಡಿಸಿದ. ಅವನ ವೈರಿ ಕಲ್ಲೇಶಪ್ಪನಲ್ಲ, ತಾನೇ ಎಂಬುದು ನನಗೆ ಆಗ ಸ್ಪಷ್ಟವಾಯಿತು. ಅವನು ಆವತ್ತು ಗಡ್ಡ ತೆಗೆದಿದ್ದರೆ ಊರಿನಲ್ಲಿ ನಾಲ್ಕು ದಿನ ನಗುತ್ತಿದ್ದರು, ಐದನೇ ದಿನ ಮದುವೆ ಊಟಕ್ಕೆ ಬರುತ್ತಿದ್ದರು. ಅವನಿಗೆ ಬೊಮ್ಮಕ್ಕ ಬೇಕಿತ್ತು. ಆದರೆ ಆ ಚಿನ್ನ ಅವನ ಗಂಟಲಲ್ಲಿ ಇಳಿಯಲಿಲ್ಲ.

ಕೊನೆಗೆ ದೇವಿಯನ್ನೇ ಕೇಳುವುದು ಅಂತಾಯಿತು. ನಮ್ಮ ಕಡೆ ಇಂಥ ಗೊಂದಲಕ್ಕೆ ಹೂವು ಕೇಳುತ್ತಾರೆ. ದೇವಿಯ ಮೈಗೆ ಒದ್ದೆ ಹೂವು ಅಂಟಿಸುವುದು. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ. ಶುಕ್ರವಾರ ಬೆಳಿಗ್ಗೆ ಗುಡಿಯಲ್ಲಿ ನಾವೆಲ್ಲ ಸೇರಿದೆವು. ಗಾದ್ರಪ್ಪ ಸೊಕ್ಕೆಯಿಂದ ಬಂದ, ಜತೆಗೆ ಬೊಮ್ಮಕ್ಕನೂ ಬಂದಳು. ಸಲೂನು ಮುಚ್ಚಿದ್ದರಿಂದ ಕಲ್ಲೇಶಪ್ಪನೂ ಬಂದ.

ಚಿತ್ತಪ್ಪನ ಫಜೀತಿ ನೋಡುವಂತಿತ್ತು. ಮಳೆ, ಮಕ್ಕಳು, ಕಳೆದುಹೋದ ಎಮ್ಮೆ ಇಂಥವನ್ನು ಕೇಳಿ ಅಭ್ಯಾಸವಿದ್ದವನು. "ತಾಯಿ, ಮಾಸ್ಕೋ ಅಂಬ ಊರಾಗೆ ಕೋಲಾಟ ನಡೀತು. ಅಮೆರಿಕಾದೋರು ಮುನಿಸಿಕೊಂಡು ಬರಲಿಲ್ಲ..."

"ಅಮೆರಿಕಾ ಯಾಕೆ, ಅವರು ಹಾಕಿ ಆಡಾಕೇ ಬರಲ್ಲ. ಪಾಕಿಸ್ತಾನ ಅನ್ನು," ಅಂದ ದುರುಗಣ್ಣ.

"ಪಾಕಿಸ್ತಾನದೋರೂ ಬರಲಿಲ್ಲ. ಬಂದೋರನ್ನ ನಮ್ಮೋರು ಸೋಲಿಸಿದ್ರು. ಆ ಚಿನ್ನ ನಿನ್ನ ಲೆಕ್ಕಕ್ಕೆ ಐತೋ ಇಲ್ಲೋ, ಹೇಳು."

"ಬೀಗರು ಮುನಿಸಿಕೊಂಡು ಊಟಕ್ಕೆ ಬರಲಿಲ್ಲ ಅಂತ ಕಟ್ಟಿದ ತಾಳಿ ಬಿಚ್ಚಾಕಾಗ್ತದಾ? ಅದನ್ನೂ ಹೇಳು ತಾಯಿಗೆ," ಎಂದು ಗಾದ್ರಪ್ಪ ಸೇರಿಸಿದ. ಅವನಿಗೂ ಒಳಗೊಳಗೆ ಅಳಿಯನ ಮೇಲೇ ಆಸೆ.

ಹೊರಗೆ ಆಷಾಢದ ಗಾಳಿ ತಗಡು ಬಡಿಯುತ್ತಿತ್ತು. ನಾವು ಕಾದೆವು. ಹೂವು ಅಲುಗಿತು, ಜಾರಿತು, ಎಡಕ್ಕೆ ಬಿತ್ತು.

ಚಿತ್ತಪ್ಪ ನಮ್ಮ ಮುಖ ನೋಡದೆ ದೀಪದ ಬತ್ತಿ ಸರಿಮಾಡಿದ. ಗಾದ್ರಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ. "ಮುಗೀತಲ್ಲ. ನಡಿಯವ್ವ." ದುರುಗಣ್ಣ ಅಳುತ್ತಿದ್ದನೋ ಏನೋ, ಆ ಗಡ್ಡದಲ್ಲಿ ಗೊತ್ತಾಗುವಂತಿರಲಿಲ್ಲ.

ಬೊಮ್ಮಕ್ಕ ಕೂತಲ್ಲಿಂದ ಏಳಲಿಲ್ಲ. "ಎಲ್ಲಿಗಪ್ಪ?"

"ಊರಿಗೆ. ತಾಯಿ ಹೇಳಿದ್ದು ಕಾಣಲಿಲ್ವಾ?"

"ಕಂಡೆ. ಗಡ್ಡ ತೆಗೀಬ್ಯಾಡ ಅಂದ್ಲು. ಮದುವೆ ಬ್ಯಾಡ ಅಂತ ಯಾವಾಗ ಅಂದ್ಲು? ಅದನ್ನ ನೀವು ಯಾರೂ ಕೇಳೇ ಇಲ್ಲ."

"ಗಡ್ಡದೋನ ಪಕ್ಕ ಕೂರಲ್ಲ ಅಂತ ನಾಲ್ಕು ವರ್ಷ ಕುಣಿದೋಳು ನೀನೇ ಅಲ್ವಾ?"

"ಹೌದು. ಆಗ ಇವನು ಹಟಕ್ಕೆ ಬಿಟ್ಟಾನೆ ಅಂದ್ಕೊಂಡಿದ್ದೆ. ಇವತ್ತು ಕೈಗೆ ಬಂದ ಚಿನ್ನ ನಂದಲ್ಲ ಅಂತ ಕುಂತಾನೆ. ಆ ಟೈಲರು ಅಳತೆ ತಗೊಳ್ಳಾಗಲೇ ಅರ್ಧ ಗಜ ನುಂಗ್ತಾನಂತೆ." ಆಮೇಲೆ ದುರುಗಣ್ಣನ ಕಡೆ ತಿರುಗಿ, "ಗಡ್ಡಕ್ಕೆ ಎಣ್ಣೆ ಹಚ್ಚಿ ಬಾಚ್ಕೊಂಡು ಬರಬೇಕು. ಹಿಂಗೇ ಬಂದ್ರೆ ಕೂರಲ್ಲ," ಅಂದಳು.

ಶ್ರಾವಣದಲ್ಲಿ ಮದುವೆಯಾಯಿತು. ಬಾಸಿಂಗದ ದಾರ ಗಡ್ಡಕ್ಕೆ ಸಿಕ್ಕಿಹಾಕಿಕೊಂಡು ಮುಹೂರ್ತ ಮೀರುವುದರಲ್ಲಿತ್ತು. ಕಲ್ಲೇಶಪ್ಪ ವಧುವಿಗೆ ಒಂದು ಒಳ್ಳೆಯ ಸೀರೆ ಕೊಟ್ಟ. ಅಂಗಡಿಯಲ್ಲಿ ಹೋಗದೆ ಉಳಿದದ್ದೆಂದು ದುರುಗಣ್ಣ ಕೊನೆಯವರೆಗೂ ಹೇಳುತ್ತಿದ್ದ.

ಆಮೇಲಿನದು ಈ ದೇಶದ ಚರಿತ್ರೆಯಷ್ಟೇ ನೀರಸ. ಎಂಬತ್ತೆರಡರಲ್ಲಿ ದಿಲ್ಲಿಯಲ್ಲೇ ಏಷ್ಯಾಡ್ ನಡೆಯಿತು. ಫೈನಲ್‌ನಲ್ಲಿ ಪಾಕಿಸ್ತಾನ ಏಳು ಗೋಲು ಹೊಡೆಯಿತು, ನಾವು ಒಂದು. ಊರೆಲ್ಲ ತಲೆತಗ್ಗಿಸಿದ್ದರೆ ಈ ಪುಣ್ಯಾತ್ಮ ಮಾತ್ರ ಚೌಡಮ್ಮನಿಗೆ ಕಾಯಿ ಒಡೆಸಿದ. "ನೋಡ್ರಿ ಮೇಷ್ಟ್ರೇ, ಮಾಸ್ಕೋ ಚಿನ್ನದ ತೂಕ ಎಷ್ಟು ಅಂತ ತಾಯಿಗೆ ಎರಡು ವರ್ಷ ಮೊದಲೇ ಗೊತ್ತಿತ್ತು." ಎಂಬತ್ತನಾಲ್ಕರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹಾಕಿ ಐದನೇ ಸ್ಥಾನ. ನಮ್ಮ ಹುಡುಗಿಯೊಬ್ಬಳು ಹರ್ಡಲ್ಸ್ ಓಟದಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡಳು. ಅದು ಎಷ್ಟು ಹೊತ್ತು ಎಂದು ಯಾರೋ ಕೇಳಿದರು. ದುರುಗಣ್ಣ ಗಡ್ಡದಿಂದ ಒಂದು ಕೂದಲು ಕಿತ್ತು ಬೆಳಕಿಗೆ ಹಿಡಿದು, "ಇದರ ಅಗಲ," ಅಂದ. ಕಂಚೆಂದರೆ ಚೊಂಬು ಅನ್ನುತ್ತಿದ್ದವನು ಆವತ್ತು ಮಧ್ಯಾಹ್ನ ಊಟ ಮಾಡಲಿಲ್ಲವಂತೆ.

ಈ ಸಲ ಸಿಯೋಲ್ ಹೊತ್ತಿಗೆ ಅವನ ಕಣ್ಣು ಹಳದಿಯಾಗಿತ್ತು. ಯಾವ್ಯಾವುದೋ ಊರಿನ ಸೊಪ್ಪಿನ ಔಷಧಿ, ಪಥ್ಯ. ಹಾಕಿಯಲ್ಲಿ ಆರನೇ ಸ್ಥಾನ. ಉಳಿದ ಆಟಗಳಲ್ಲಿ ಏನೂ ಇಲ್ಲ, ಕಂಚೂ ಇಲ್ಲ. ಹೇಳುವುದೋ ಬೇಡವೋ ಎಂದು ಯೋಚಿಸುತ್ತ ನಾನು ಅವನ ಮಂಚದ ಹತ್ತಿರ ಕೂತಿದ್ದೆ. "ಮುಖ ನೋಡಿದ್ರೇ ಗೊತ್ತಾಗ್ತದೆ ಮೇಷ್ಟ್ರೇ, ಹೇಳಬ್ಯಾಡ್ರಿ," ಅಂದ. ನನ್ನ ಮುಖವನ್ನು ಅವನಷ್ಟು ಹತ್ತಿರದಿಂದ ನೋಡಿದವರು ಬೇರೆ ಯಾರೂ ಇಲ್ಲ.

ಅವರಲ್ಲಿ ಸತ್ತವರಿಗೆ ಕ್ಷೌರ ಮಾಡಿ ಮಣ್ಣು ಮಾಡುವ ಪದ್ಧತಿ. ನ್ಯಾಮತಿಯಲ್ಲಿ ಸಲೂನ್ ಇಟ್ಟಿದ್ದ ಅವನ ಅಣ್ಣ ಬಂಗಾರಪ್ಪ ಬಂದವನೇ ಅಳುತ್ತಳುತ್ತ ಬಟ್ಟಲಲ್ಲಿ ನೀರು ತರಿಸಿದ. ಹಿರಿಯರೂ ಹೂಂ ಅಂದರು. ಹರಕೆ ಹೊತ್ತವನೇ ಹೋದ ಮೇಲೆ ದೇವಿ ಏನೂ ಅಂದುಕೊಳ್ಳುವುದಿಲ್ಲ, ತಪ್ಪುಕಾಣಿಕೆ ಹಾಕಿದರಾಯಿತು ಎಂದು ಚಿತ್ತಪ್ಪ ಹೇಳಿದ. ಕಲ್ಲೇಶಪ್ಪ ಕೂಡ, "ತೆಗೀರಪ್ಪ, ಪಾಪ, ಹನ್ನೆರಡು ವರ್ಷ ಆತು," ಎಂದು ಕಣ್ಣೊರೆಸಿಕೊಂಡ.

ಬಂಗಾರಪ್ಪ ಗಡ್ಡವನ್ನು ಒದ್ದೆ ಮಾಡಿ ಕತ್ತಿ ತೆಗೆದ. ಬೊಮ್ಮಕ್ಕ ಅವನ ಮುಂಗೈ ಹಿಡಿದಳು.

"ಬ್ಯಾಡ ಬಾವ. ತೆಗೆದ್ರೆ ಗೆದ್ದಂಗಾಗ್ತದೆ. ಗೆದ್ದಿಲ್ಲವಲ್ಲ."

ಅವಳು ಒಳಗಿನಿಂದ ಕೊಬ್ಬರಿ ಎಣ್ಣೆ, ಬಾಚಣಿಗೆ ತಂದು ಗಡ್ಡಕ್ಕೆ ಎಣ್ಣೆ ಹಚ್ಚಿ ಎರಡು ಕಡೆ ಸಮನಾಗಿ ಬಾಚಿದಳು. ಬಂಗಾರಪ್ಪ ಕತ್ತಿ ಒರೆಸಿ ಮಡಚಿಕೊಂಡ. ನಾವು ಎತ್ತಿದೆವು.